ಮೊದಲು ಪೆನ್ನು, ಆಮೇಲೆ ಟ್ಯಾಬ್

ಕಾಲೇಜಿನ ನೋಟ್ಸ್ ಬರೆಯಲು ಟ್ಯಾಬ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದರ ಪರದೆ ಪೆನ್ನನ್ನು ಗುರುತಿಸುತ್ತದೆಯೇ ಎಂಬುದನ್ನು. ಅಂಗಡಿಯ ಫಲಕದಲ್ಲಾಗಲಿ ಆನ್‌ಲೈನ್ ಮಾರಾಟದ ಪುಟದಲ್ಲಾಗಲಿ ದಪ್ಪಕ್ಷರದಲ್ಲಿ ಕಾಣುವುದು ಪ್ರೊಸೆಸರ್‌ನ ಹೆಸರು, ಕ್ಯಾಮೆರಾದ ಮೆಗಾಪಿಕ್ಸೆಲ್, ಸ್ಪೀಕರ್ ಎಷ್ಟಿವೆ ಎಂಬ ಲೆಕ್ಕ. ಪೆನ್ನಿನ ಮಾತು ಕೆಳಗೆಲ್ಲೋ ಒಂದು ಸಾಲಿನಲ್ಲಿರುತ್ತದೆ, ಎಷ್ಟೋ ಸಲ ಇರುವುದೇ ಇಲ್ಲ. ಮನೆಯವರು ಹೊಂದಿಸಿ ಕೊಟ್ಟ ಹದಿನೈದು, ಇಪ್ಪತ್ತು ಸಾವಿರ ರೂಪಾಯಿ ಪೋಲಾಗುವುದು ಇಲ್ಲೇ. ಸಿನಿಮಾ ನೋಡಲು ಚೆನ್ನಾಗಿರುವ, ಪಿಡಿಎಫ್ ಓದಲೂ ಪರವಾಗಿಲ್ಲ ಎನ್ನಿಸುವ ಟ್ಯಾಬ್ ಕೈಗೆ ಬರುತ್ತದೆ. ತರಗತಿಯಲ್ಲಿ ಮೊದಲ ಸಮೀಕರಣ ಬರೆಯಲು ಕೂತಾಗಷ್ಟೇ ಅದರ ಮೇಲೆ ಬರೆಯಲಾಗದು ಎಂಬುದು ತಿಳಿಯುತ್ತದೆ.

ಕೈಯಲ್ಲಿ ಬರೆಯುವ ಅಗತ್ಯ ಎಲ್ಲ ಕೋರ್ಸುಗಳಲ್ಲೂ ಒಂದೇ ಸಮ ಇರುವುದಿಲ್ಲ. ಎಂಜಿನಿಯರಿಂಗ್ ಗಣಿತ, ಸರ್ಕ್ಯೂಟ್ ಚಿತ್ರ, ಸಾವಯವ ರಸಾಯನಶಾಸ್ತ್ರದ ಷಟ್ಕೋನಗಳು, ಅನಾಟಮಿಯ ರೇಖಾಚಿತ್ರ ಇವನ್ನೆಲ್ಲ ಮೇಷ್ಟ್ರು ಬೋರ್ಡ್ ಒರೆಸುವುದರೊಳಗೆ ಕೀಬೋರ್ಡ್‌ನಲ್ಲಿ ಕುಟ್ಟಿ ಮುಗಿಸಲಾಗದು. ಇತಿಹಾಸ, ಸಮಾಜಶಾಸ್ತ್ರ, ಕಾನೂನು ಓದುವವರಿಗೆ ಟೈಪ್ ಮಾಡಿದರೂ ನಡೆಯುತ್ತದೆ. ಪೆನ್ನಿನ ಟ್ಯಾಬ್‌ಗಿಂತ ಸಾಧಾರಣ ಲ್ಯಾಪ್‌ಟಾಪ್ ಅವರಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಕೋಡಿಂಗ್ ಇರುವ ಕೋರ್ಸಿಗೆ ಸೇರಿದವರು ಇನ್ನೂ ಲ್ಯಾಪ್‌ಟಾಪ್ ಕೊಂಡಿಲ್ಲವಾದರೆ ಟ್ಯಾಬ್‌ನ ಯೋಚನೆಯನ್ನೇ ಮುಂದಕ್ಕೆ ಹಾಕುವುದು ಒಳ್ಳೆಯದು. ಒಂದು ಬಜೆಟ್‌ನಲ್ಲಿ ಎರಡರ ಕೆಲಸವನ್ನೂ ಒಂದೇ ಟ್ಯಾಬ್ ಮಾಡಿಬಿಡುತ್ತದೆ ಎಂಬ ಲೆಕ್ಕಾಚಾರ ಮೊದಲ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲೇ ತಪ್ಪುತ್ತದೆ.

ಕೈಬರಹದ ಪರವಾಗಿ ಎಲ್ಲೆಡೆ ಎತ್ತಿ ಹೇಳುವ ಸಂಶೋಧನೆಯೊಂದಿದೆ. ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪನ್‌ಹೈಮರ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ್ದು. ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುವವರು ಕೇಳಿದ್ದನ್ನು ಕೇಳಿದ ಹಾಗೆಯೇ ಇಳಿಸಿಕೊಳ್ಳುತ್ತಾರೆ, ಕೈಯಲ್ಲಿ ಬರೆಯುವವರು ಅರ್ಥ ಮಾಡಿಕೊಂಡು ಸಂಕ್ಷೇಪಿಸುತ್ತಾರೆ, ಆದ್ದರಿಂದ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಅವರು ಮುಂದಿರುತ್ತಾರೆ ಎಂಬುದು ಅದರ ಸಾರ. ಮುಂದೆ 2019 ಮತ್ತು 2021ರಲ್ಲಿ ಬೇರೆಯವರು ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅಂತರ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ ಪೆನ್ನು ಹಿಡಿದ ಮಾತ್ರಕ್ಕೆ ಅಂಕ ಏರುತ್ತದೆ ಎನ್ನಲು ಬರುವುದಿಲ್ಲ. ಕರ್ನಾಟಕದ ವಿದ್ಯಾರ್ಥಿಗೆ ಕೈಬರಹ ಬೇಕಾಗುವುದಕ್ಕೆ ಇನ್ನೂ ನೇರವಾದ ಕಾರಣವಿದೆ. ಇಲ್ಲಿನ ವಿಶ್ವವಿದ್ಯಾಲಯಗಳ ಥಿಯರಿ ಪರೀಕ್ಷೆಗಳನ್ನು ಇಂದಿಗೂ ಬಾಲ್ ಪೆನ್ನಿನಲ್ಲಿ, ಕಾಗದದ ಮೇಲೆ, ಗಂಟೆಗಟ್ಟಲೆ ಕೂತು ಬರೆಯಬೇಕು. ವರ್ಷವಿಡೀ ಟೈಪ್ ಮಾಡಿದ ಕೈ ಅಲ್ಲಿ ನೋಯುತ್ತದೆ.

ಇನ್ನು ಪೆನ್ನಿನ ವಿಚಾರ. ಈಗಿನ ಫೋನು, ಟ್ಯಾಬ್‌ಗಳ ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುದ್ವಾಹಕ ಗೆರೆಗಳ ಬಲೆಯಿರುತ್ತದೆ. ಬೆರಳು ತಾಗಿದಾಗ ಆ ಜಾಗದಲ್ಲಿ ವಿದ್ಯುತ್ ಧಾರಕತೆ ಬದಲಾಗುತ್ತದೆ. ಎಲ್ಲಿ ಬದಲಾಯಿತು ಎಂಬುದನ್ನು ಲೆಕ್ಕ ಹಾಕಿ ಸಾಧನ ಸ್ಪರ್ಶವನ್ನು ಅರಿಯುತ್ತದೆ. ನೂರು, ಇನ್ನೂರು ರೂಪಾಯಿಗೆ ಸಿಗುವ, ತುದಿಗೆ ರಬ್ಬರ್ ಗುಂಡು ಅಥವಾ ಪಾರದರ್ಶಕ ಬಿಲ್ಲೆ ಅಂಟಿಸಿದ ಸ್ಟೈಲಸ್ ಮಾಡುವುದು ಬೆರಳಿನ ನಟನೆ ಮಾತ್ರ. ಪರದೆಯ ಮಟ್ಟಿಗೆ ಅದೂ ಒಂದು ಬೆರಳು, ಗಾಜಿಗೆ ಒರಗಿದ ಅಂಗೈಯೂ ಒಂದು ದೊಡ್ಡ ಬೆರಳು. ಬರೆಯುವಾಗ ಯಾರಾದರೂ ಕೈಯನ್ನು ಪುಟದ ಮೇಲೆ ಊರುತ್ತಾರೆ. ಊರಿದೊಡನೆ ಅಲ್ಲೊಂದು ಗೀಟು ಬೀಳುತ್ತದೆ, ಪುಟ ಜರುಗುತ್ತದೆ, ಬರೆದದ್ದು ಹಿಗ್ಗುತ್ತದೆ. ಕೈ ಎತ್ತಿ ಹಿಡಿದು ಬರೆಯೋಣವೆಂದರೆ ಹತ್ತು ನಿಮಿಷಕ್ಕೆ ಮಣಿಕಟ್ಟು ಸೋಲುತ್ತದೆ.

ಚಾರ್ಜ್ ಮಾಡಬಲ್ಲ, ಲೋಹದ ಮೈಯ, ಚೂಪು ಮೊನೆಯ ‘ಯೂನಿವರ್ಸಲ್’ ಪೆನ್ನುಗಳು ಸಾವಿರ, ಒಂದೂವರೆ ಸಾವಿರಕ್ಕೆ ಸಿಗುತ್ತವೆ. ನೋಡಲು ಅಸಲಿಯಂತೆಯೇ ಇರುತ್ತವೆ. ಆದರೆ ಯಾವ ಟ್ಯಾಬ್‌ಗಾದರೂ ಹೊಂದುತ್ತದೆ ಎಂದರೆ ಅದರ ಒಳಅರ್ಥ, ಯಾವ ಟ್ಯಾಬ್‌ನ ಜೊತೆಗೂ ಆ ಪೆನ್ನಿಗೆ ವಿಶೇಷ ಮಾತುಕತೆ ಇಲ್ಲ ಎಂದು. ಅದರ ಬ್ಯಾಟರಿ ಮಾಡುವ ಕೆಲಸ ಚೂಪು ಮೊನೆಯನ್ನು ಬೆರಳಿನಷ್ಟು ದಪ್ಪವೆಂದು ಪರದೆಗೆ ನಂಬಿಸುವುದು. ಅಂಗೈಯ ತೊಂದರೆ ಹಾಗೇ ಉಳಿಯುತ್ತದೆ. ಕಡಿಮೆ ಬಜೆಟ್‌ನವರು ಎಡವುವುದು ಇಲ್ಲೇ ಆದ್ದರಿಂದ ಇಷ್ಟು ಬಿಡಿಸಿ ಹೇಳಬೇಕಾಯಿತು.

ನಿಜವಾಗಿ ಬರೆಯಲು ಬರುವ ಪೆನ್ನುಗಳು ಎರಡು ಬಗೆ. ಒಂದರಲ್ಲಿ ಪರದೆಯ ಹಿಂದೆ ಪ್ರತ್ಯೇಕ ಹಾಳೆಯೊಂದಿದ್ದು ಅದು ಸಣ್ಣ ವಿದ್ಯುತ್ಕಾಂತೀಯ ಕ್ಷೇತ್ರ ಹರಡುತ್ತದೆ. ಪೆನ್ನಿನೊಳಗಿನ ತಂತಿಸುರುಳಿ ಅದರಿಂದಲೇ ಶಕ್ತಿ ಪಡೆದು ಮಾರುತ್ತರ ಕೊಡುತ್ತದೆ. ಜಪಾನಿನ ವ್ಯಾಕಮ್ ಕಂಪನಿ ಬೆಳೆಸಿದ ಈ ತಂತ್ರವನ್ನು ಸ್ಯಾಮ್‌ಸಂಗ್ ತನ್ನ ಎಸ್ ಪೆನ್‌ನಲ್ಲಿ ಬಳಸುತ್ತದೆ. ಬರೆಯುವುದಕ್ಕೆ ಈ ಪೆನ್ನಿಗೆ ಚಾರ್ಜ್ ಬೇಕಿಲ್ಲ. ಆರು ತಿಂಗಳು ಬ್ಯಾಗಿನಲ್ಲಿ ಬಿದ್ದಿದ್ದರೂ ತೆಗೆದ ಕೂಡಲೇ ಬರೆಯುತ್ತದೆ. ಇನ್ನೊಂದು ಬಗೆಯಲ್ಲಿ ಪೆನ್ನಿನೊಳಗೇ ಬ್ಯಾಟರಿ ಇದ್ದು, ಮೊನೆಯಿಂದ ಹೊರಡುವ ಸಂಕೇತವನ್ನು ಸ್ಪರ್ಶದ ಬಲೆಯೇ ಹಿಡಿಯುತ್ತದೆ. ಆಪಲ್ ಪೆನ್ಸಿಲ್, ಶಿಯೋಮಿ ಮತ್ತು ಒನ್‌ಪ್ಲಸ್‌ನ ಪೆನ್ನುಗಳು ಈ ಜಾತಿಯವು. ಎರಡರಲ್ಲೂ ಪೆನ್ನು ಯಾವುದು, ಕೈ ಯಾವುದು ಎಂಬ ಭೇದ ಪರದೆಗೆ ಗೊತ್ತಿರುವುದರಿಂದ ಅಂಗೈಯನ್ನು ನಿಶ್ಚಿಂತೆಯಿಂದ ಊರಬಹುದು. ಒಂದು ಕಂಪನಿಯ ಪೆನ್ನು ಇನ್ನೊಂದರ ಪರದೆಯ ಮೇಲೆ ಸಾಮಾನ್ಯವಾಗಿ ನಡೆಯುವುದಿಲ್ಲ. ಒಂದೇ ಕಂಪನಿಯ ಎಲ್ಲ ಮಾದರಿಗಳಲ್ಲೂ ನಡೆಯುತ್ತದೆಂಬ ಭರವಸೆಯೂ ಇಲ್ಲ. ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್6 ಲೈಟ್‌ನ ಡಬ್ಬಿಯಲ್ಲಿ ಪೆನ್ನು ಜೊತೆಗೇ ಬರುತ್ತದೆ, ಅದಕ್ಕಿಂತ ದೊಡ್ಡ ಪರದೆಯ ಟ್ಯಾಬ್ ಎ9 ಪ್ಲಸ್ ಎಸ್ ಪೆನ್ನನ್ನು ಗುರುತಿಸುವುದೇ ಇಲ್ಲ. 2023ರಲ್ಲಿ ಬಂದ ಮೊದಲ ಒನ್‌ಪ್ಲಸ್ ಪ್ಯಾಡ್ ಗೋ ಕೂಡ ಹಾಗೆಯೇ, ಅದಕ್ಕೆ ಪೆನ್ನಿನ ಸೌಲಭ್ಯವಿಲ್ಲ.

ಅಗ್ಗದ ಸಾಧನದ ಮೇಲೆ ಕೈಯಲ್ಲಿ ಬರೆಯುವ ಆಸೆ ಈ ನೆಲಕ್ಕೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್‌ನ ಮಾದರಿಯನ್ನು ಜನರ ಮುಂದಿಟ್ಟಿದ್ದರು. 2004ರಲ್ಲಿ ಮಾರಾಟಕ್ಕೆ ಬಂದ ಅಮಿಡಾ ಸಿಂಪ್ಯೂಟರ್‌ನಲ್ಲಿ ಕಡ್ಡಿಯಂಥ ಪೆನ್ನಿನಿಂದ ಗೀಚಿ, ತಮ್ಮ ಕೈಬರಹದಲ್ಲೇ ಇ-ಮೇಲ್ ಕಳಿಸಬಹುದಿತ್ತು. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿಯೇ ‘ಆಕಾಶ್’ ಟ್ಯಾಬ್ ಬಿಡುಗಡೆ ಮಾಡಿತು. ಏಳು ಇಂಚಿನ ಪರದೆ, 256 ಎಂಬಿ ರ‍್ಯಾಮ್. ಅದರ ಪರದೆ ಒತ್ತಿದರೆ ಮಾತ್ರ ಅರಿಯುವ ಹಳೆಯ ಬಗೆಯದು. ಉಗುರಿನಿಂದ ಒತ್ತಿದರೂ ಒಂದೇ, ಅಂಗೈ ಒತ್ತಿದರೂ ಒಂದೇ. ನೋಟ್ಸ್‌ಗೆ ಅದು ಒದಗಿಬರುವಂತಿರಲಿಲ್ಲ. ಅಂದಿಗೂ ಇಂದಿಗೂ ಆಗಿರುವ ದೊಡ್ಡ ವ್ಯತ್ಯಾಸವೆಂದರೆ ಪೆನ್ನನ್ನು ಬೇರೆಯಾಗಿ ಗುರುತಿಸುವ ಪರದೆ ಮಧ್ಯಮ ಬೆಲೆಗೆ ಇಳಿದಿರುವುದು. ಆಪಲ್ ತನ್ನ ದುಬಾರಿ ಪ್ರೊ ಮಾದರಿಗಳಿಗೆ ಮೀಸಲಿಟ್ಟಿದ್ದ ಪೆನ್ಸಿಲ್ ಸೌಲಭ್ಯವನ್ನು ಸಾದಾ ಐಪ್ಯಾಡ್‌ಗೆ ಕೊಟ್ಟದ್ದು 2018ರಲ್ಲಿ. ಎಸ್6 ಲೈಟ್ 2020ರಲ್ಲಿ ಪೆನ್ನಿನ ಸಮೇತ 27,999 ರೂಪಾಯಿಗೆ ಭಾರತಕ್ಕೆ ಬಂತು.

ಪೆನ್ನು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ಅಂಗಡಿಯಲ್ಲಿ ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಆನ್‌ಲೈನ್‌ನಲ್ಲೇ ಕೊಳ್ಳುವ ಮನಸ್ಸಿದ್ದರೂ ಒಮ್ಮೆ ಷೋರೂಮಿಗೆ ಹೋಗಿ, ಇಲ್ಲವೇ ಸ್ನೇಹಿತರ ಟ್ಯಾಬ್ ಕೇಳಿ ಪಡೆದು ನೋಡಬೇಕು. ಮೊದಲು ಅಂಗೈಯನ್ನು ಪೂರ್ತಿಯಾಗಿ ಪರದೆಯ ಮೇಲೆ ಊರಿ, ‘ರಾಷ್ಟ್ರ’, ‘ಸ್ತ್ರೀ’, ‘ಉಚ್ಛ್ವಾಸ’ ಎಂಬಂಥ ಪದಗಳನ್ನು ನೋಟ್‌ಬುಕ್ಕಿನ ಗೆರೆಯ ಅಳತೆಯಲ್ಲೇ ಬರೆಯಬೇಕು. ಕನ್ನಡದ ಅಕ್ಷರ ಗುಂಡಾದದ್ದು. ತಲೆಕಟ್ಟು, ಕೊಂಬು, ಅಡಿಯಲ್ಲಿ ಒತ್ತು, ಒತ್ತಿನ ಪಕ್ಕ ಇನ್ನೊಂದು ಒತ್ತು. ಇಂಗ್ಲಿಷ್ ಬರೆದಾಗ ಮರೆಯಾಗುವ ದೋಷ ಇಲ್ಲಿ ಬಯಲಾಗುತ್ತದೆ. ಒತ್ತಕ್ಷರದ ಸಣ್ಣ ಸುರುಳಿ ಮುಚ್ಚಿಹೋದರೆ, ಬೇಗ ಬರೆದಾಗ ಅಕ್ಷರದ ಮೊದಲ ತುಣುಕೇ ಬೀಳದಿದ್ದರೆ ಆ ಪೆನ್ನು ಬೇಡ. ಎರಡನೆಯದಾಗಿ, ಸ್ಕೇಲ್ ಇಟ್ಟು ಒಂದು ಓರೆ ಗೆರೆಯನ್ನು ನಿಧಾನವಾಗಿ, ಬಹಳ ನಿಧಾನವಾಗಿ ಎಳೆಯಬೇಕು. ಒಳ್ಳೆಯ ಪೆನ್ನಿನಲ್ಲಿ ನೇರ ಗೆರೆ ಬರುತ್ತದೆ. ಸಾಧಾರಣದ್ದರಲ್ಲಿ ಗೆರೆ ಹಾವಿನಂತೆ ಅಲೆಯಾಗುತ್ತದೆ. ಗಾಜಿನಡಿಯ ಬಲೆಯ ಗೆರೆಗಳ ನಡುವೆ ಕೆಲವು ಮಿಲಿಮೀಟರ್ ಅಂತರವಿರುತ್ತದೆ. ಆ ಅಂತರದಲ್ಲಿ ಮೊನೆ ಎಲ್ಲಿದೆ ಎಂಬುದನ್ನು ಸಾಧನ ಅಂದಾಜಿಸುತ್ತದೆ, ಅಂದಾಜು ತಪ್ಪಿದಲ್ಲೆಲ್ಲ ಗೆರೆ ಬಾಗುತ್ತದೆ. ಗ್ರಾಫ್, ಸರ್ಕ್ಯೂಟ್ ಬಿಡಿಸುವವರಿಗೆ ಇದು ದಿನದಿನದ ಕಿರಿಕಿರಿ.

ಪರದೆಯ ಗಾತ್ರವನ್ನು ಇಂಚಿನಲ್ಲಿ ಕೇಳಿ ತೀರ್ಮಾನಿಸುವುದಕ್ಕಿಂತ ಎ4 ಹಾಳೆಯ ಜೊತೆ ಹೋಲಿಸಿ ನೋಡುವುದು ಲೇಸು, ಏಕೆಂದರೆ ಅಧ್ಯಾಪಕರು ಕಳಿಸುವ ಪಿಡಿಎಫ್‌ಗಳು ಬಹುಪಾಲು ಎ4 ಅಳತೆಯವು. ಎ4ರ ಅಗಲ 210 ಮಿಲಿಮೀಟರ್. ಹನ್ನೊಂದು ಇಂಚಿನ, 16:10 ಆಕಾರದ ಟ್ಯಾಬ್ ಅನ್ನು ಉದ್ದುದ್ದಕ್ಕೆ ಹಿಡಿದರೆ ಪರದೆಯ ಅಗಲ ಸುಮಾರು 148 ಮಿಲಿಮೀಟರ್, ಅಂದರೆ ಎ4 ಅನ್ನು ಅರ್ಧಕ್ಕೆ ಮಡಚಿದ ಎ5 ಹಾಳೆಯಷ್ಟು. ಎ4 ಪುಟ ಅದರಲ್ಲಿ ಶೇ 70ಕ್ಕೆ ಕುಗ್ಗುತ್ತದೆ. 12 ಪಾಯಿಂಟ್ ಅಕ್ಷರ ಎಂಟೂವರೆ ಪಾಯಿಂಟ್‌ನಂತೆ ಕಾಣುತ್ತದೆ. ಓದಲು ಅಡ್ಡಿಯಿಲ್ಲ. ಐಪ್ಯಾಡ್‌ನ ಆಕಾರ ಇನ್ನಷ್ಟು ಚೌಕ, ಕಾಗದದ ಅನುಪಾತಕ್ಕೆ ಹತ್ತಿರ. 10.9 ಇಂಚಿನದ್ದಾದರೂ ಅಗಲ 158 ಮಿಲಿಮೀಟರ್ ಸಿಗುವುದರಿಂದ ಪುಟ ಶೇ 75ರಷ್ಟು ದೊಡ್ಡದಾಗಿ ಕೂರುತ್ತದೆ. ಎಂಟೂಮುಕ್ಕಾಲು ಇಂಚಿನ ಅಗ್ಗದ ಟ್ಯಾಬ್‌ಗಳಲ್ಲಿ ಇದೇ ಪುಟ ಅರ್ಧದಷ್ಟಾಗಿ, ಅಕ್ಷರ ಆರೂವರೆ ಪಾಯಿಂಟ್‌ಗೆ ಇಳಿಯುತ್ತದೆ. ಔಷಧದ ಡಬ್ಬಿಯ ಮೇಲಿನ ಮುದ್ರಣದಂತೆ ಕಣ್ಣು ಕಿರಿದುಗೊಳಿಸಿ ಓದಬೇಕು, ಬರೆಯಲು ಪ್ರತಿ ಸಲ ಹಿಗ್ಗಿಸಬೇಕು. ನೋಟ್ಸ್‌ಗೆ ಹತ್ತು ಇಂಚಿಗಿಂತ ಚಿಕ್ಕದು ಬೇಡ. ಹನ್ನೆರಡು ದಾಟಿದರೆ ಕಾಲೇಜಿನ ಕಿರಿದಾದ ಡೆಸ್ಕ್ ಮೇಲೆ ಪುಸ್ತಕಕ್ಕೆ ಜಾಗ ಉಳಿಯದು, ಬೆಲೆಯೂ ಏರುತ್ತದೆ. ತೂಕದ ಭಯ ಬೇಡ. ಸಾದಾ ಐಪ್ಯಾಡ್ 477 ಗ್ರಾಂ, ಎಸ್6 ಲೈಟ್ 467 ಗ್ರಾಂ. ಇನ್ನೂರು ಪುಟದ ಎ4 ನೋಟ್‌ಬುಕ್ಕೇ ಮುನ್ನೂರೈವತ್ತು ಗ್ರಾಂ ಹತ್ತಿರ ತೂಗುತ್ತದೆ, ಆರು ವಿಷಯಕ್ಕೆ ಆರು ನೋಟ್‌ಬುಕ್ ಬೇಕು.

ಒಳಗಿನ ಭಾಗಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ನೋಟ್ಸ್ ಬರೆಯುವುದು ಪ್ರೊಸೆಸರ್‌ಗೆ ಹಗುರವಾದ ಕೆಲಸ. ರ‍್ಯಾಮ್ ಮಾತ್ರ 6 ಜಿಬಿ ಇದ್ದರೆ ಹಿತ. 4 ಜಿಬಿಯ ಆ್ಯಂಡ್ರಾಯ್ಡ್ ಟ್ಯಾಬ್‌ನಲ್ಲಿ ಒಂದು ಪಕ್ಕ ಪಿಡಿಎಫ್, ಇನ್ನೊಂದು ಪಕ್ಕ ನೋಟ್ಸ್ ಇಟ್ಟುಕೊಂಡು ನಡುವೆ ಬ್ರೌಸರ್ ತೆರೆದರೆ ಮೊದಲಿನವು ಮುಚ್ಚಿಕೊಂಡು ಮತ್ತೆ ಲೋಡ್ ಆಗಲು ತೊಡಗುತ್ತವೆ. ಕೈಬರಹಕ್ಕೆ ಹೆಚ್ಚು ಸ್ಥಳ ಬೇಡ, ಸ್ಕ್ಯಾನ್ ಮಾಡಿದ ಪಠ್ಯಪುಸ್ತಕಗಳಿಗೆ ಬೇಕು. 128 ಜಿಬಿ ನಾಲ್ಕು ವರ್ಷಕ್ಕೆ ಸಾಕಾಗುತ್ತದೆ, 64 ಆದರೆ ಮೆಮೊರಿ ಕಾರ್ಡ್ ಹಾಕುವ ಜಾಗ ಇರಬೇಕು. ಪರದೆ ಸೆಕೆಂಡಿಗೆ 60 ಸಲ ಬದಲಾಗುವುದೋ 120 ಸಲವೋ ಎಂಬುದು ಮೊನೆಯ ಹಿಂದೆ ಶಾಯಿ ಎಷ್ಟು ಬೇಗ ಓಡಿಬರುತ್ತದೆ ಎಂಬುದನ್ನು ಸ್ವಲ್ಪ ಮಟ್ಟಿಗೆ ನಿರ್ಧರಿಸುತ್ತದೆ. 120 ಸುಖವೇ, ಆದರೆ 60ರಲ್ಲೂ ಪೆನ್ನು ಒಳ್ಳೆಯದಾಗಿದ್ದರೆ ಪದವಿ ಮುಗಿಸಬಹುದು. ಸಿಮ್ ಹಾಕುವ ಮಾದರಿಗೆ ಕೊಡುವ ಹೆಚ್ಚುವರಿ ಸಾವಿರಗಳನ್ನು ಉಳಿಸಿ, ಫೋನಿನ ಹಾಟ್‌ಸ್ಪಾಟ್ ಬಳಸುವುದು ಜಾಣತನ.

ಬೆಲೆ ಹೋಲಿಸುವಾಗ ಟ್ಯಾಬ್, ಪೆನ್ನು, ಕವರ್ ಮೂರನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ಬಿಡುಗಡೆಯ ಹೊತ್ತಿನ ಬೆಲೆಗಳನ್ನೇ ತೆಗೆದುಕೊಂಡರೆ, ಶಿಯೋಮಿ ಪ್ಯಾಡ್ 6ರ ಬೆಲೆ 26,999, ಅದರ ಪೆನ್ನಿಗೆ ಪ್ರತ್ಯೇಕ 5,999. ಒಟ್ಟು 33 ಸಾವಿರಕ್ಕೆ ಎರಡು ರೂಪಾಯಿ ಕಡಿಮೆ. 2023ರ ಸ್ಯಾಮ್‌ಸಂಗ್ ಟ್ಯಾಬ್ ಎಸ್9 ಎಫ್‌ಇ 36,999, ಅದರಲ್ಲಿ ಪೆನ್ನು ಸೇರಿದೆ. 2025ರ ಮಾರ್ಚ್‌ನಲ್ಲಿ ಬಂದ ಸಾದಾ ಐಪ್ಯಾಡ್ 34,900, ಅದಕ್ಕೆ ಹೊಂದುವ ಆಪಲ್ ಪೆನ್ಸಿಲ್‌ಗಳಲ್ಲಿ ಅಗ್ಗದ್ದಾದ ಯುಎಸ್‌ಬಿ-ಸಿ ಮಾದರಿಗೆ 7,900, ಅಲ್ಲಿಗೆ 42,800. ಫಲಕದಲ್ಲಿ ಅಗ್ಗವಾಗಿ ಕಂಡದ್ದು ಬಿಲ್ಲಿನಲ್ಲಿ ಹಾಗೇ ಉಳಿಯುವುದಿಲ್ಲ. ಐಪ್ಯಾಡ್ ವಿಷಯದಲ್ಲಿ ಒಂದು ಅನುಕೂಲವೂ ಉಂಟು. 2018ರಿಂದೀಚಿನ ಐಪ್ಯಾಡ್‌ಗಳಿಗೆಂದೇ ಮಾಡಿದ ಬೇರೆ ಕಂಪನಿಗಳ ಪೆನ್ನುಗಳು ಒಂದೂವರೆ, ಎರಡು ಸಾವಿರಕ್ಕೆ ಸಿಗುತ್ತವೆ, ಅವುಗಳಲ್ಲಿ ಅಂಗೈ ಊರಿ ಬರೆಯಬಹುದು. ಒತ್ತಿದಷ್ಟು ಗೆರೆ ದಪ್ಪವಾಗುವ ಗುಣ ಅವಕ್ಕಿಲ್ಲ; ಆಪಲ್‌ನದೇ ಯುಎಸ್‌ಬಿ-ಸಿ ಪೆನ್ಸಿಲ್‌ಗೂ ಅದಿಲ್ಲ. ಚಿತ್ರಕಲೆಯವರಿಗೆ ಅದು ಕೊರತೆ, ನೋಟ್ಸ್ ಬರೆಯುವವರಿಗೆ ಕೊರತೆಯೆನಿಸದು. ಆಪಲ್ ವಿದ್ಯಾರ್ಥಿಗಳಿಗೆ ಕೊಡುವ ರಿಯಾಯಿತಿ, ದಸರಾ-ದೀಪಾವಳಿ ಹೊತ್ತಿನ ಆನ್‌ಲೈನ್ ಮಾರಾಟ ಇವೆರಡನ್ನೂ ಕಾದು ನೋಡಬಹುದು. ಕಳೆದ ವರ್ಷದ ಮಾದರಿ ಆಗ ಗಣನೀಯವಾಗಿ ಇಳಿಯುತ್ತದೆ, ನೋಟ್ಸ್‌ಗೆ ಅದು ಧಾರಾಳವಾಗಿ ಸಾಕು.

ಇಪ್ಪತ್ತು ಸಾವಿರದೊಳಗೆ ಮುಗಿಸಬೇಕಾದವರಿಗೆ ಹೊಸ ಅಗ್ಗದ ಟ್ಯಾಬ್‌ಗಿಂತ ಬಳಸಿದ ಒಳ್ಳೆಯ ಟ್ಯಾಬ್ ಮೇಲು. ಬಳಸಿದ ಐಪ್ಯಾಡ್ ಕೊಳ್ಳುವಾಗ ಹಿಂದಿನ ಮಾಲೀಕರ ಆಪಲ್ ಐಡಿ ಅದರಿಂದ ಪೂರ್ತಿ ತೆಗೆದಿದೆಯೇ ಎಂದು ಅವರೆದುರೇ ನೋಡಿಕೊಳ್ಳಬೇಕು; ತೆಗೆಯದಿದ್ದರೆ ರೀಸೆಟ್ ಮಾಡಿದ ಮೇಲೆ ಅದು ಗಾಜಿನ ಹಲಗೆಗೆ ಸಮ. ಪರದೆಯ ನಾಲ್ಕು ಮೂಲೆಗಳಲ್ಲೂ ಪೆನ್ನಿನಿಂದ ಗೀಚಿ ನೋಡಬೇಕು, ಬಿದ್ದು ಪೆಟ್ಟಾದ ಟ್ಯಾಬ್ ಅಂಚಿನಲ್ಲಿ ಗೆರೆ ಬಿಡುವುದುಂಟು. ತಂತ್ರಾಂಶದ ಆಯಸ್ಸನ್ನೂ ಎಣಿಸಬೇಕು. 2018ರ ಸಾದಾ ಐಪ್ಯಾಡ್‌ಗೆ 2023ರ ಐಪ್ಯಾಡ್‌ಒಎಸ್ 17ರವರೆಗೆ ಹೊಸ ಆವೃತ್ತಿಗಳು ಸಿಕ್ಕವು, 18 ಸಿಗಲಿಲ್ಲ. ಆ ಲೆಕ್ಕದಲ್ಲಿ, ಬಿಡುಗಡೆಯಾಗಿ ನಾಲ್ಕು ವರ್ಷ ದಾಟಿದ ಮಾದರಿಯನ್ನು ನಾಲ್ಕು ವರ್ಷದ ಕೋರ್ಸಿಗೆ ಕೊಳ್ಳುವುದು ನಷ್ಟ. ಬೆಂಗಳೂರಿನ ಎಸ್‌.ಪಿ. ರೋಡ್‌ನಂಥ ಕಡೆ ಚೌಕಾಸಿ ಮಾಡಿ ಕೊಂಡರೂ ಬಿಲ್ಲು ಮತ್ತು ಬರೆದುಕೊಟ್ಟ ವಾರಂಟಿ ಇಲ್ಲದೆ ಹಣ ಕೊಡಬಾರದು.

ಲ್ಯಾಪ್‌ಟಾಪ್ ಆಗಲೇ ಇರುವವರಿಗೆ ಇನ್ನೂ ಕಡಿಮೆ ಖರ್ಚಿನ ದಾರಿಯಿದೆ. ಪರದೆಯಿಲ್ಲದ, ಕಪ್ಪು ಹಲಗೆಯಂಥ ಪೆನ್ ಟ್ಯಾಬ್ಲೆಟ್‌ಗಳು ಮೂರರಿಂದ ಐದು ಸಾವಿರಕ್ಕೆ ದೊರೆಯುತ್ತವೆ. ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಹಲಗೆಯ ಮೇಲೆ ಬರೆದದ್ದನ್ನು ಎದುರಿನ ಪರದೆಯಲ್ಲಿ ನೋಡಬೇಕು. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವುದಕ್ಕೆ ಒಗ್ಗಲು ಒಂದು ವಾರ ಹಿಡಿಯುತ್ತದೆ. ತರಗತಿಗೆ ಒಯ್ಯಲು ತ್ರಾಸ, ಹಾಸ್ಟೆಲ್ ಕೋಣೆಯಲ್ಲಿ ಕೂತು ಓದುವವರಿಗೆ ಸಲೀಸು. ಅದೂ ಬೇಡವೆಂದರೆ ಕಾಗದದ ಮೇಲೆ ಬರೆದು ಸಂಜೆ ಫೋನಿನಲ್ಲಿ ಸ್ಕ್ಯಾನ್ ಮಾಡಿಡುವ ಪದ್ಧತಿ ಇದ್ದೇ ಇದೆ. ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಸೌಲಭ್ಯವಿದೆ, ಖರ್ಚಿಲ್ಲ. ಬರೆಯಲು ಬಾರದ ಟ್ಯಾಬ್‌ಗೆ ಹನ್ನೆರಡು ಸಾವಿರ ಸುರಿಯುವುದಕ್ಕಿಂತ ಇದು ಎಷ್ಟೋ ವಾಸಿ.

ಟ್ಯಾಬ್ ಬಂದ ಮೇಲೆ ಆ್ಯಪ್‌ಗೆ ಹಣ ತೆರುವ ಅವಸರ ಬೇಡ. ಸ್ಯಾಮ್‌ಸಂಗ್ ನೋಟ್ಸ್, ಆಪಲ್ ನೋಟ್ಸ್, ಮೈಕ್ರೋಸಾಫ್ಟ್ ಒನ್‌ನೋಟ್ ಮೂರೂ ಉಚಿತ. ಒನ್‌ನೋಟ್‌ನ ಬರಹ ಫೋನು, ಲ್ಯಾಪ್‌ಟಾಪ್ ಎಲ್ಲ ಕಡೆ ತೆರೆಯುತ್ತದೆ. ಮೊದಲೆರಡು ಆಯಾ ಕಂಪನಿಯ ಮನೆಯೊಳಗೆ ಸುಖವಾಗಿರುತ್ತವೆ, ಹೊರಗೆ ಒಯ್ಯಬೇಕೆಂದರೆ ಪಿಡಿಎಫ್ ಮಾಡಬೇಕು. ಇಂಗ್ಲಿಷ್ ಕೈಬರಹದಲ್ಲಿ ಪದ ಹುಡುಕುವ ಸೌಲಭ್ಯ ಹಲವು ಆ್ಯಪ್‌ಗಳಲ್ಲಿದೆ. ಕನ್ನಡದಲ್ಲಿ ನೋಟ್ಸ್ ಬರೆಯುವವರು ಅದನ್ನು ನಂಬಿ ಕೂರದೆ ಪ್ರತಿ ಪುಟದ ತಲೆಯಲ್ಲಿ ಪಾಠದ ಹೆಸರನ್ನು ಟೈಪ್ ಮಾಡಿಡುವುದು ಒಳಿತು. ಜಿಬೋರ್ಡ್ ಕೀಬೋರ್ಡ್‌ನ ಕೈಬರಹ ವಿಧಾನದಲ್ಲಿ ಕನ್ನಡವನ್ನು ಪೆನ್ನಿನಿಂದಲೇ ಬರೆದು ಅಚ್ಚಕ್ಷರವಾಗಿಸಬಹುದು, ಶೀರ್ಷಿಕೆಗೆ ಅಷ್ಟು ಸಾಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್‌ಗಳು ಈಗಲೂ ಕಾಲೇಜುಗಳಲ್ಲಿ ಓಡಾಡುತ್ತವೆ. ಕಣ್ಣಿಗೆ ಶುದ್ಧ ಕನ್ನಡವಾಗಿ ಕಂಡರೂ ಅವು ಯೂನಿಕೋಡ್ ಅಲ್ಲದ್ದರಿಂದ ಅವುಗಳಲ್ಲಿ ಪದ ಹುಡುಕಿದರೆ ಏನೂ ಸಿಗದು, ನಕಲಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಇದಕ್ಕೆ ಟ್ಯಾಬ್ ಹೊಣೆಯಲ್ಲ. ಅಂಥ ಪುಟಗಳ ಮೇಲೆ ಪೆನ್ನಿನಿಂದಲೇ ಗುರುತು ಹಾಕಿಕೊಳ್ಳಬೇಕು.

ಪೆನ್ನಿನ ಪ್ಲಾಸ್ಟಿಕ್ ಮೊನೆ ಸವೆಯುತ್ತದೆ. ಕಾಗದದ ಹಾಗೆ ತರಿತರಿ ಇರುವ ಸ್ಕ್ರೀನ್ ಗಾರ್ಡ್ ಅಂಟಿಸಿದರೆ ಬರೆಯಲು ಹಿಡಿತ ಸಿಗುತ್ತದೆ, ಮೊನೆ ಇನ್ನೂ ಬೇಗ ಸವೆಯುತ್ತದೆ. ಬದಲಿ ಮೊನೆಗಳನ್ನು ಕೊಂಡಿಟ್ಟುಕೊಳ್ಳಬೇಕು. ಬ್ಯಾಕಪ್ ಅನ್ನು ಮೊದಲ ದಿನವೇ ಹೊಂದಿಸಬೇಕು. ಗೂಗಲ್ ಡ್ರೈವ್‌ನಲ್ಲಿ 15 ಜಿಬಿ, ಒನ್‌ಡ್ರೈವ್ ಮತ್ತು ಐಕ್ಲೌಡ್‌ನಲ್ಲಿ ತಲಾ 5 ಜಿಬಿ ಉಚಿತ. ಕೈಬರಹದ ನೋಟ್ಸ್‌ಗೆ ಇದು ಬೇಕಾದಷ್ಟಾಯಿತು, ದೊಡ್ಡ ಪಠ್ಯಪುಸ್ತಕಗಳನ್ನು ಅದರಿಂದ ಹೊರಗಿಡಬೇಕು. ಇಂಟರ್ನಲ್ಸ್‌ಗೆ ಮುಂಚಿನ ವಾರ ಆಯಾ ವಿಷಯದ ನೋಟ್ಸ್ ಅನ್ನು ಪಿಡಿಎಫ್ ಮಾಡಿ ಫೋನಿಗೂ ಒಂದು ಪ್ರತಿ ಹಾಕಿಟ್ಟರೆ, ಪರೀಕ್ಷೆಯ ಬೆಳಿಗ್ಗೆ ಟ್ಯಾಬ್‌ನ ಚಾರ್ಜ್ ಮುಗಿದಿದ್ದರೂ ಬಸ್ಸಿನಲ್ಲಿ ಓದಿಕೊಂಡು ಹೋಗಬಹುದು.